ಹೆಸರು ಹೇಳಿದರಷ್ಟೇ ತೆರೆಯುವ ಪೆಟ್ಟಿಗೆ

ಗದಗ ಹೊಸ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಎಲ್ಲಿ ನೋಡಿದರೂ ಹೊಸ ಬೋರ್ಡು, ಹೊಸ ಬಣ್ಣ, ಬಾಡಿಗೆ ಕಟ್ಟಡದಲ್ಲಿ ಹೊಸ ಸರ್ಕಾರಿ ಕಚೇರಿ. ಊರಿಗೇ ಬಡ್ತಿ ಸಿಕ್ಕಂತೆ ಜನ ಎದೆಯುಬ್ಬಿಸಿ ಓಡಾಡುತ್ತಿದ್ದ ಕಾಲ ಅದು. ನನಗೂ ಆಗಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಆಪರೇಟರ್ ಕೆಲಸ ಸಿಕ್ಕಿತು.

ನಾನು ಬೆಟಗೇರಿಯವಳು. ನಮ್ಮ ಅಬ್ಬಾ ಮಗ್ಗ ರಿಪೇರಿ ಮಾಡುತ್ತಿದ್ದರು. ನನಗೆ ಹುಟ್ಟಿದಾಗಿನಿಂದಲೂ ಒಂದು ಕಡೆ ಕೂರುವ ಗುಣವಿಲ್ಲ. ಓಣಿಯ ಹೆಂಗಸರು "ಶಾಹಿದಾನ ಕಾಲಾಗ ಚಕ್ರ ಅದಾವ" ಎಂದು ನಗುತ್ತಿದ್ದರು. ಅಂಥವಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಕುರ್ಚಿಗೆ ಕಟ್ಟಿಹಾಕಿದ್ದು ಆ ಕಂಪ್ಯೂಟರ್ ಮಾತ್ರ. ಕೂತಿದ್ದರೂ ಮೇಜಿನ ಕೆಳಗೆ ಕಾಲು ಅಲ್ಲಾಡುತ್ತಲೇ ಇರುತ್ತಿತ್ತು.

ಕೆಲಸಕ್ಕೆ ಸೇರಿದ ವಾರದಲ್ಲೇ ದೊಡ್ಡ ಡಾಕ್ಟರು ಕರೆದು, "ಹಳೇ ಪೇಶಂಟ್ ಬಂದು ನಿಂತ್ರ ಚಿಟಿಕಿ ಹೊಡಿಯೋದ್ರಾಗ ಅವನ ಮಾಹಿತಿ ಪರದೆ ಮ್ಯಾಲ ಬರಬೇಕ ನೋಡವಾ. ಹಂಗ ಒಂದು ಮಾಡಿಕೊಡ್ತಿಯೇನು?" ಎಂದು ಕೇಳಿದರು. ಕೋರ್ಸಿನಲ್ಲಿ ಡೇಟಾಬೇಸ್ ಕಲಿತವಳು ನಾನು. ಬೇಡ ಎನ್ನುತ್ತೇನೆಯೇ? ಕುಣಿಯುತ್ತಾ ಶುರು ಮಾಡಿದೆ.

ರೋಗಿಗಳ ವಿವರವನ್ನು ತುಂಬುವ ಫಾರ್ಮು ಸುಲಭವಾಗಿ ಆಯಿತು. ತುಂಬಿದ್ದನ್ನು ಹುಡುಕುವುದು ಹೇಗೆ ಎಂಬಲ್ಲಿ ಮಾತ್ರ ತಲೆ ಕೆಡಿಸಿಕೊಂಡೆ. ಅದಕ್ಕೆ ಕೆಲವು ದಾರಿಗಳಿದ್ದವು. ಖಾಲಿ ಚೌಕಟ್ಟು ಇಟ್ಟು ಹೆಸರು ಟೈಪ್ ಮಾಡಿಸಬಹುದು. ಲಿಸ್ಟ್ ಬಾಕ್ಸ್ ಇಡಬಹುದು. ಅದರಲ್ಲಿ ಹೆಸರು, ಊರು, ತಾರೀಖು ಎಲ್ಲ ಸಾಲಾಗಿ ಕಣ್ಣೆದುರೇ ಬಿದ್ದಿರುತ್ತವೆ, ಬೇಕಾದ ಸಾಲನ್ನು ಒತ್ತಿದರೆ ಸಾಕು. ಇಲ್ಲವೇ ಕಾಂಬೊ ಬಾಕ್ಸ್. ಅದು ಮುಚ್ಚಿಕೊಂಡಿರುವ ಪುಟ್ಟ ಪೆಟ್ಟಿಗೆ. ಎರಡು ಅಕ್ಷರ ಒತ್ತಿದರೆ ಉಳಿದ ಹೆಸರನ್ನು ತಾನೇ ತುಂಬಿಕೊಳ್ಳುತ್ತದೆ. ನಾನು ಅದನ್ನೇ ಆರಿಸಿದೆ. ಜಾಗ ಕಡಿಮೆ ಸಾಕು, ನೋಡಲಿಕ್ಕೂ ಚೆಂದ. ಊರು, ತಾರೀಖು ಅದರಲ್ಲಿ ಕಾಣುವುದಿಲ್ಲ, ಬರೀ ಹೆಸರು. ಕಾಣದಿದ್ದರೆ ಏನು ಎಂದುಕೊಂಡೆ. ಅಂದ ಕೆಡುತ್ತದೆಂದು ಹಿಂದೆ ಮುಂದೆ ಹೋಗಲು ಇರುವ ಬಾಣದ ಗುರುತುಗಳನ್ನೂ ಫಾರ್ಮಿನಿಂದ ತೆಗೆದುಹಾಕಿದೆ. ಡಾಕ್ಟರು ನೋಡಿ "ಭಾರಿ ಆತಲ್ಲ!" ಎಂದರು. ನಾನು ನೆಲದಿಂದ ಒಂದು ಗೇಣು ಮೇಲೆ ಓಡಾಡಿದೆ.

ಒಂದು ತೊಡಕು ಮಾತ್ರ ದಿನವೂ ಕಾಣುತ್ತಿತ್ತು. ಹೆಂಗಸರನ್ನು ಗಂಡನ ಹೆಸರು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಜೊತೆಗೆ ಬಂದ ಅತ್ತೆಯೋ ಮೈದುನನೋ ಹೇಳುತ್ತಿದ್ದರು, ಕೆಲಸ ನಡೆಯುತ್ತಿತ್ತು. ನಮ್ಮ ಅಮ್ಮಿಯೂ ಅಷ್ಟೇ. ಅಬ್ಬಾನನ್ನು ಕರೆಯಬೇಕಾದರೆ "ಶಾಹಿದಾನ ಅಬ್ಬಾ" ಎನ್ನುತ್ತಿದ್ದಳೇ ಹೊರತು ಹೆಸರು ಎತ್ತಿದ್ದನ್ನು ನಾನು ಕೇಳಿಯೇ ಇಲ್ಲ. ಅಂಥ ಮನೆಯಲ್ಲಿ ಬೆಳೆದವಳು ಹೆಸರು ಹೇಳಿದರಷ್ಟೇ ತೆರೆಯುವ ಪೆಟ್ಟಿಗೆಯನ್ನು ಮಾಡಿ ಕೂತಿದ್ದೆ.

ಆ ದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಹೊರಗೆ ಗಲಾಟೆಯಾಯಿತು. ಮುಂಡರಗಿ ರಸ್ತೆಯಲ್ಲಿ ಒಂದು ಟೆಂಪೊ ಪಲ್ಟಿಯಾಗಿತ್ತು. ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡು ಹೋಗುವ ಟೆಂಪೊ, ಒಬ್ಬರಿಗೊಬ್ಬರ ಗುರುತಿಲ್ಲ. ಸಿಕ್ಕ ಗಾಡಿಗಳಲ್ಲಿ ಗಾಯಾಳುಗಳನ್ನು ತಂದು ಇಳಿಸುತ್ತಿದ್ದರು. ನಾನು ನಿಂತೇ ಟೈಪ್ ಮಾಡಿದೆ. ಮಾತಾಡುವವರು ಹೆಸರು ಹೇಳಿದರು, ಕೆಲವರು ಗೊಣಗಿದರು, ಕಿವಿಗೆ ಬಿದ್ದಷ್ಟನ್ನು ಬರೆದುಕೊಂಡೆ. ಯಾವ ಊರು ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಕೆಲವರನ್ನು ಇಲ್ಲಿಯ ವಾರ್ಡಿಗೆ ಹಾಕಿದರು, ಇಬ್ಬರು ಮೂವರನ್ನು ಆಪರೇಶನ್ ಕೋಣೆಗೆ ಒಯ್ದರು. ಜಾಗ ಸಾಲದೆ ಉಳಿದವರನ್ನು ಬೆಟಗೇರಿಯಲ್ಲಿದ್ದ ನಮ್ಮದೇ ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ಹೆಸರು ಬರೆದ ಚೀಟಿಗಳೂ ಅವರವರ ಜೊತೆಗೇ ಹೋದವು. ನನ್ನ ಹತ್ತಿರ ಉಳಿದದ್ದು ಕಂಪ್ಯೂಟರ್ ಒಂದೇ.

ಸಂಬಂಧಿಕರು ಬರಲು ಶುರುವಾದರು. ಹಾಲ್ ತುಂಬಿತು. ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಹೆಂಗಸು ಜನರನ್ನು ಸೀಳಿಕೊಂಡು ಕೌಂಟರಿಗೆ ಬಂದಳು. ಮೂವತ್ತು ಮೂವತ್ತೈದರ ವಯಸ್ಸು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೆಸರು ನೀಲವ್ವ. ಲಕ್ಷ್ಮೇಶ್ವರದ ತವರುಮನೆಗೆ ಹೋಗಿದ್ದಳಂತೆ. ಗಂಡ ಮುಂಡರಗಿಯಿಂದ ಬರುವವನಿದ್ದ, ಟೆಂಪೊದ ಖಬರ್ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕಿ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು.

"ಯವ್ವಾ, ಆ ಬಿಳಿ ಪುಡಿ ನೀರಾಗ ಕಲಿಸಿ ಹಾಕ್ತಾರಲ್ಲ, ಆ ಸೂಜಿ ಅವರಿಗೆ ಹಾಕಬ್ಯಾಡ್ರಿ ಅಂತ ಜಲ್ದಿ ಹೇಳ್ರಿ. ಅದು ಅವರಿಗೆ ಆಗಿ ಬರಂಗಿಲ್ಲ. ಹಿಂದೊಮ್ಮಿ ಹಾಕಿದ್ದಕ್ಕ ಮೈಯೆಲ್ಲಾ ದದ್ದು ಎದ್ದು ಉಸರ ನಿಂತಿತ್ತು. ಇನ್ನೊಮ್ಮಿ ಹಾಕಿದ್ರ ಮನಷ್ಯಾ ಉಳಿಯಂಗಿಲ್ಲ ಅಂತ ಆವತ್ತಿನ ಡಾಕ್ಟರ ಹೇಳ್ಯಾರ!"

ಪೆನಿಸಿಲಿನ್ ಎಂದು ನನಗೆ ಹೊಳೆಯಿತು. ಗಾಯ ತೊಳೆದು ಹೊಲಿಗೆ ಹಾಕಿದವರಿಗೆ ಈಗ ಸೂಜಿಯ ಸರದಿ ನಡೆದಿದೆ ಎಂಬುದೂ ಗೊತ್ತಿತ್ತು. ಆಕೆಯ ಕೈ ಹಿಡಿದು ವಾರ್ಡಿಗೆ ಓಡಿದೆ. ಆಕೆ ಒಂದೊಂದೇ ಮಂಚ ನೋಡಿದಳು. ಗಂಡ ಅಲ್ಲಿರಲಿಲ್ಲ. ಅಂದರೆ ಹೊರಗಿನವರನ್ನು ಬಿಡದ ಆಪರೇಶನ್ ಕೋಣೆಯಲ್ಲಿರಬೇಕು, ಇಲ್ಲವೇ ಬೆಟಗೇರಿಯಲ್ಲಿ. ವಾಪಸ್ ಓಡಿ ಬಂದು ಬೆಟಗೇರಿಗೆ ಫೋನು ಹಚ್ಚಿದೆ. ಎತ್ತಿದವರು ಅಲ್ಲಿಯ ಹಿರಿಯ ನರ್ಸ್.

"ಅಕ್ಕಾರ, ಒಬ್ಬರಿಗೆ ಪೆನಿಸಿಲಿನ್ ಆಗಂಗಿಲ್ಲಂತ. ಸ್ವಲ್ಪ ತಡೀರಿ!"

"ಯಾರಿಗೆ?"

"ಹೆಸರ ಇನ್ನೂ ಗೊತ್ತಾಗಿಲ್ರಿ."

"ಎಲ್ಲಾರ ಗಾಯನೂ ಮಣ್ಣಾಗಿ ಬಂದಾವ ಶಾಹಿದಾ. ಒಬ್ಬರ ಸಲುವಾಗಿ ಎಲ್ಲಾರಿಗೂ ನಿಲ್ಲಸಾಕ ಬರಂಗಿಲ್ಲ. ಹೆಸರ ಹೇಳು, ಅವರಿಗೆ ನಿಲ್ಲಸ್ತೀನಿ" ಎಂದು ಇಟ್ಟೇಬಿಟ್ಟರು. ಅವರದೂ ತಪ್ಪಲ್ಲ.

ಕುರ್ಚಿಯ ತುದಿಯಲ್ಲಿ ಕೂತು ನೀಲವ್ವನನ್ನು ಕೇಳಿದೆ. "ಯಜಮಾನರ ಹೆಸರೇನ್ರಿ?"

ಆಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಹೆಸರ ಹೇಳ್ರಿ ಅಕ್ಕಾರ, ಜಲ್ದಿ!"

ತುಟಿ ಅಲುಗಿತು, ದನಿ ಬರಲಿಲ್ಲ. ನಾನು ಒದರಿದೆ. ಒದರಿದ್ದು ನೆನಪಾದರೆ ಈಗಲೂ ಕಸಿವಿಸಿಯಾಗುತ್ತದೆ. "ಅಲ್ರೀ, ಮನಷ್ಯಾನ ಜೀವ ಹೋಗೋ ಹೊತ್ತಿನ್ಯಾಗ ಎಂಥಾ ನಾಚಿಗಿ?"

ಆಗ ನೀಲವ್ವ ಹೇಳಿದ ಮಾತು ಇದು: "ನಾಚಿಗಿ ಅಲ್ಲ ತಂಗಿ. ಹದಿನೈದು ವರ್ಷದಾಗ ಒಮ್ಮಿನೂ ಅಂದಿಲ್ಲ. ಇವತ್ತ ಅನ್ನಲೇನು? ಎಲ್ಲಾ ದಿನಾ ಬಿಟ್ಟು ಇವತ್ತ?"

ಬರೆದಾದರೂ ತೋರಿಸಲಿ ಎಂದು ಪೆನ್ನು, ಹಾಳೆ ಮುಂದೆ ತಳ್ಳಿದೆ, ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಗಂಡ ಬದುಕುತ್ತಾನೋ ಇಲ್ಲವೋ ಎಂಬ ಹೊತ್ತಿನಲ್ಲಿ ಅವನ ಆಯುಷ್ಯಕ್ಕೆ ಕತ್ತರಿ ಹಾಕುವ ಮಾತನ್ನು ಆಡು ಎಂದು ನಾನು ಕೇಳುತ್ತಿದ್ದೆ. ನಂಬದವರಿಗೆ ಅದು ಮೂಢನಂಬಿಕೆ. ನಂಬಿದವಳಿಗೆ ಅದು ಸೂಜಿಯಷ್ಟೇ ಖರೆ.

ಹಾಲ್‌ನಲ್ಲಿದ್ದವರು ನೆರವಿಗೆ ಬಂದರು. ನೆರವು ಎಂದರೆ ನಮ್ಮ ಕಡೆಯ ನೆರವು, ಎಲ್ಲರೂ ಒಟ್ಟಿಗೇ ಕೂಗುವುದು. ಲಕ್ಷ್ಮೇಶ್ವರದಿಂದ ಬಂದಿದ್ದಾಳೆ ಎಂದು ಕೇಳಿದ್ದೇ ತಡ, ಆ ಊರ ದೇವರ ಹೆಸರು ಹಿಡಿದು ಒಬ್ಬರು "ಸೋಮಪ್ಪನ?" ಎಂದರು. "ಸೋಮಣ್ಣನ? ಸೋಮಲಿಂಗಪ್ಪನ?" ಆಕೆ ಇಲ್ಲವೆಂದು ತಲೆ ಅಲ್ಲಾಡಿಸಿದಳು. "ತವರುಮನಿ ಲಕ್ಷ್ಮೇಶ್ವರ, ಗಂಡನ ಊರಲ್ಲ ಅದು" ಎಂದು ನಾನು ಕಿರುಚಿದೆ. ಊರು ಶಿರಹಟ್ಟಿ ಕಡೆಯ ಹಳ್ಳಿ ಎಂದಳು. "ಫಕ್ಕೀರಪ್ಪನ? ಫಕ್ಕೀರೇಶನ?" ಅದೂ ಅಲ್ಲ. ಬಸಪ್ಪ, ಈರಪ್ಪ, ಮಲ್ಲಪ್ಪ, ಶಿವಪ್ಪ ಎಲ್ಲರೂ ಬಂದು ಹೋದರು. ಪ್ರತಿ ಹೆಸರಿಗೂ ಆಕೆ ತಲೆ ಅಲ್ಲಾಡಿಸುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

ನಾನು ನನ್ನ ಚೆಂದದ ಪೆಟ್ಟಿಗೆಯನ್ನು ಬಿಚ್ಚುವ ಬಾಣ ಒತ್ತಿದೆ. ಅದು ಒಮ್ಮೆಗೆ ಏಳೆಂಟು ಹೆಸರು ತೋರಿಸಿತು. ಆಸ್ಪತ್ರೆಗೆ ಕಂಪ್ಯೂಟರ್ ಬಂದ ದಿನದಿಂದ ಇಲ್ಲಿಗೆ ಬಂದವರೆಲ್ಲ ಅದರಲ್ಲಿದ್ದರು, ಅಕ್ಷರದ ಸಾಲಿನಲ್ಲಿ, ಇಂದಿನವರು ನಿನ್ನೆಯವರು ಎಂಬ ಭೇದವಿಲ್ಲದೆ. ಇವತ್ತು ಬಂದವರನ್ನಷ್ಟೇ ತೋರಿಸು ಎಂದರೆ ಅದಕ್ಕೆ ಬಾರದು. ತೋರಿಸಿದ್ದರೆ ಹತ್ತು ಹೆಸರು ಓದುತ್ತಿದ್ದೆ, ಆಕೆ ಹೂಂ ಎನ್ನುತ್ತಿದ್ದಳು, ಮುಗಿಯುತ್ತಿತ್ತು. ಫಾರ್ಮ್ ಬಿಟ್ಟು, ತುಂಬಿದ್ದೆಲ್ಲ ಹೋಗಿ ಕೂರುವ ಟೇಬಲ್ಲನ್ನೇ ನೇರವಾಗಿ ತೆರೆದು ಕೊನೆಯ ಸಾಲುಗಳನ್ನು ನೋಡಬಹುದಿತ್ತು ಎಂದು ಆಮೇಲೆ ಹೊಳೆಯಿತು. ಆಮೇಲೆ ಹೊಳೆಯುವುದಕ್ಕೆ ಏನು, ಎಲ್ಲವೂ ಹೊಳೆಯುತ್ತದೆ. ಆಗ ಹೊಳೆದದ್ದು ಅದೇ ಬಾಣವನ್ನು ಮತ್ತೆ ಮತ್ತೆ ಒತ್ತುವುದಷ್ಟೇ, ಗೋಡೆ ಗಡಿಯಾರದ ಸದ್ದು ಅಷ್ಟು ಗದ್ದಲದಲ್ಲೂ ಕೇಳಿಸುತ್ತಿತ್ತು.

ಎದ್ದೆ, ಕೂತೆ, ಮತ್ತೆ ಎದ್ದೆ. ಅದೇನು ತಲೆಗೆ ಬಂತೋ, ನಮ್ಮ ಓಣಿಯಲ್ಲಿ ಬಸುರಿಯರಿಗೆ ಕುಬಸ ಮಾಡುವ ಮನೆಗಳು ಕಣ್ಣೆದುರು ಬಂದವು. ಮದುವೆ, ಕುಬಸದಲ್ಲಿ ನೇಕಾರರ ಹೆಂಗಸರು ಸೊಸೆಯನ್ನು ಬಾಗಿಲಲ್ಲಿ ತಡೆದು ನಿಲ್ಲಿಸುತ್ತಿದ್ದರು. ಒಡಪು ಹಾಕಿ ಗಂಡನ ಹೆಸರು ಹೇಳಿದರಷ್ಟೇ ಒಳಗೆ ಬಿಡುವುದು. ವರ್ಷವಿಡೀ ಬಾಯಿ ಬಿಡದವಳು ಆಗ ಪ್ರಾಸ ಕಟ್ಟಿ, ನಾಚಿಕೊಂಡು, ಒಂದು ಸಲ ಹೆಸರು ಹೇಳಿ ಓಡಿಬಿಡುತ್ತಿದ್ದಳು. ಚಿಕ್ಕವಳಿದ್ದಾಗ ನಾನೂ ಬಾಗಿಲಿಗೆ ಅಡ್ಡ ನಿಂತು ಕೈ ತಟ್ಟಿದ್ದೇನೆ.

ಕೌಂಟರ್ ದಾಟಿ ಹೊರಗೆ ಬಂದು ನೀಲವ್ವನ ಭುಜ ಹಿಡಿದೆ. "ಅಕ್ಕಾರ, ಬರೇ ಹೆಸರ ಬ್ಯಾಡ. ಒಡಪಿನ್ಯಾಗ ಹೇಳ್ರಿ."

ಆಕೆ ನನ್ನ ಕೈ ಕಿತ್ತು ಹಾಕಿದಳು. "ಒಡಪ ಹಾಕಾಕ ಇದೇನ್ ಕುಬಸದ ಮನಿ ಏನವ್ವ? ಅವರು ಎಲ್ಲಿ ಬಿದ್ದಾರೋ ಹೆಂಗದಾರೋ, ನಾ ಇಲ್ಲಿ ನಿಂತು ಒಡಪ ಹಾಕ್ಲೇನು?"

"ಒಡಪಿನ್ಯಾಗ ಅಂದ್ರ ಆಯುಷ್ಯ ಕಡಿಮಿ ಆಗಂಗಿಲ್ರಿ, ಹೆಚ್ಚಾಗ್ತೈತಿ" ಎಂದೆ. ಹಾಗೆಂದು ಯಾರಾದರೂ ಹೇಳುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ಬಾಯಿಗೆ ಬಂತು, ಹೇಳಿದೆ. "ಅದಕ್ಕ ಅಲ್ಲೇನು ಶುಭಕಾರ್ಯದಾಗ ಹೇಳಸೋದು?"

ನೀಲವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿ ನಿಂತಳು. ಅಲ್ಲಿಯವರೆಗೆ ಕೂಗಾಡುತ್ತಿದ್ದ ಹಾಲ್ ತಾನಾಗಿಯೇ ಸುಮ್ಮನಾಯಿತು. ಬೀಡಿ ಹಚ್ಚಲು ಹೊರಟಿದ್ದ ಮುದುಕರೊಬ್ಬರು ಕಡ್ಡಿಯನ್ನು ಹಾಗೇ ಹಿಡಿದು ನಿಂತರು.

"ಕರಿ ಎರಿ ಹೊಲದಾಗ ಬಿಳಿ ಹತ್ತಿ ಅರಳೈತಿ..."

ಒಡಪು ಅಲ್ಲಿಂದ ಶುರುವಾಯಿತು. ನಡುವಿನ ಸಾಲನ್ನು ನಾನು ಬರೆಯುವುದಿಲ್ಲ. ಅದನ್ನು ಹೇಳುವಾಗ ಆಕೆಯ ದನಿ ಎರಡು ಸಲ ಒಡೆಯಿತು, ಆದರೂ ಪ್ರಾಸ ತಪ್ಪಲಿಲ್ಲ. ಕೊನೆಗೆ ಹೆಸರು ಬಂತು. ಹುಸೇನಪ್ಪ.

ನನ್ನ ಹಣೆ ನಾನೇ ಬಡಿದುಕೊಂಡೆ. ಮೊಹರಮ್ಮಿನಲ್ಲಿ ಕೂರಿಸುವ ಪಂಜಾ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಹುಸೇನಪ್ಪ, ಹುಸೇನವ್ವ ಎಂದು ಹೆಸರಿಡುವುದು ನಮ್ಮ ಕಡೆ ಹೊಸದಲ್ಲ. ಆಕೆಯ ಹಣೆಯ ಕುಂಕುಮ ನೋಡಿ ಇಡೀ ಹಾಲ್ ಶಿವನ, ಊರ ದೇವರ ಹೆಸರನ್ನೇ ಜಪಿಸಿತ್ತು. ಅದರಲ್ಲಿ ನಾನೂ ಒಬ್ಬಳು, ಹೆಸರಿಗೆ ಶಾಹಿದಾ.

ಕೌಂಟರಿಗೆ ಹಾರಿ ಟೈಪ್ ಮಾಡಿದೆ. ನಾಲ್ಕು ಅಕ್ಷರ ಒತ್ತುವುದರಲ್ಲಿ ಪೆಟ್ಟಿಗೆ ತಾನೇ ಹೆಸರು ತುಂಬಿಕೊಂಡಿತು. ಒತ್ತಿದೆ. ಪರದೆಯ ಮೇಲೆ ಬಂದವರು ಹಿಂದಿನ ತಿಂಗಳು ಹರ್ನಿಯಾ ಆಪರೇಶನ್ ಮಾಡಿಸಿಕೊಂಡು ಮನೆಗೆ ಹೋದ ಬೇರೊಬ್ಬ ಹುಸೇನ! ಮತ್ತೆ ಇಳಿಸಿದೆ. ಇನ್ನೊಬ್ಬರು, ಅವರೂ ಹಳಬರು. ಒಂದೊಂದೂ ತೆರೆಯಲು ಆ ಕಂಪ್ಯೂಟರ್ ಎಮ್ಮೆಯಂತೆ ಮೆಲುಕು ಹಾಕುತ್ತಿತ್ತು. ಕೊನೆಗೂ ಇವತ್ತಿನ ತಾರೀಖು ಕಂಡಿತು. ಬರೀ "ಹುಸೇನ" ಎಂದಿತ್ತು. ಉಸಿರು ಬಿಡುವಷ್ಟರಲ್ಲಿ ಕೆಳಗೆ ಇನ್ನೊಂದು "ಹುಸೇನ", ಅದೂ ಇವತ್ತಿನದೇ. ಒಬ್ಬರು ಆಪರೇಶನ್ ಕೋಣೆಯಲ್ಲಿ, ಒಬ್ಬರು ಬೆಟಗೇರಿಯಲ್ಲಿ. ಗೊಣಗಿದ್ದು ಕಿವಿಗೆ ಬಿದ್ದಷ್ಟೇ ಬರೆದಿದ್ದೆನಲ್ಲ, ಅಪ್ಪನೋ ಸಾಬನೋ ತಿಳಿಯುವ ಹಾಗಿರಲಿಲ್ಲ.

ಇವರಲ್ಲಿ ಯಾರು ಎಂದು ಯೋಚಿಸುತ್ತಾ ಕೂತರೆ ಕೆಲಸ ಕೆಟ್ಟಿತು ಎನಿಸಿತು. ಒಬ್ಬರನ್ನೇ ಆರಿಸಬೇಕೆಂಬುದು ಪೆಟ್ಟಿಗೆಯ ಹಟ, ನನ್ನದಲ್ಲ. ವಾರ್ಡ್ ಆಯಾಳನ್ನು ಆಪರೇಶನ್ ಕೋಣೆಯ ಬಾಗಿಲಿಗೆ ಓಡಿಸಿದೆ. ನಾನು ಬೆಟಗೇರಿಗೆ ಫೋನು ಹಚ್ಚಿದೆ. ಹತ್ತಲಿಲ್ಲ. ಮತ್ತೆ ಹಚ್ಚಿದೆ.

"ಅಕ್ಕಾರ, ಹುಸೇನ ಅಂತ ಬರದದ್ದು ಯಾರದೈತಿ ಅವರಿಗೆ ಪೆನಿಸಿಲಿನ್ ಬ್ಯಾಡ್ರಿ! ಖಂಡಿತ ಬ್ಯಾಡ್ರಿ!"

ಈ ಸಲ ನರ್ಸ್ ದನಿ ಬೇರೆಯೇ ಆಗಿತ್ತು. "ಟೆಸ್ಟ್ ಡೋಸ್ ತುಂಬಿ ಕೈಯಾಗ ಹಿಡಕೊಂಡೀನವಾ. ಅವರ ಮಂಚದ ಹತ್ರನ ಹೊಂಟಿದ್ನಿ. ಅವರಿಗೆ ಎಚ್ಚರಿಲ್ಲ, ಕೇಳೋಣಂದ್ರ."

ಎರಡೂ ಕಡೆ ಸೂಜಿ ನಿಂತಿತು. ಆಸ್ಪತ್ರೆಯ ಗಾಡಿಯಲ್ಲಿ ನೀಲವ್ವನನ್ನು ಬೆಟಗೇರಿಗೆ ಕಳಿಸಿದೆವು. ಸ್ವಲ್ಪ ಹೊತ್ತಿಗೆ ನರ್ಸ್ ಫೋನು ಮಾಡಿ, "ಗುರ್ತ ಹಿಡದ್ಳವಾ, ಇವರ ಅವರು" ಎಂದಷ್ಟೇ ಹೇಳಿದರು. ನಾನು ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಮೈಗೆ ಒಗ್ಗುತ್ತದೋ ಎಂದು ನೋಡಲು ಚುಚ್ಚುವ ಟೆಸ್ಟ್ ಡೋಸ್ ಸಣ್ಣದಲ್ಲವೇ, ಅಷ್ಟರಿಂದ ಏನಾಗುತ್ತಿತ್ತು ಎಂದು ದೊಡ್ಡ ಡಾಕ್ಟರನ್ನು ಸಂಜೆ ಕೇಳಿದೆ. "ಕೆಲವರಿಗೆ ಆ ಹನಿನೂ ಸಾಕಾಗ್ತೈತಿ" ಎಂದರು.

ಮರುದಿನವೇ ಆ ಪೆಟ್ಟಿಗೆಯನ್ನು ಕಿತ್ತು ಹಾಕಿದೆ. ಅದರ ಜಾಗದಲ್ಲಿ ಅರ್ಧ ಪರದೆ ತುಂಬುವ ಲಿಸ್ಟ್ ಬಾಕ್ಸ್ ಇಟ್ಟೆ. ಮೊದಲು ತಾಲೂಕು, ಊರು ಆರಿಸುವುದು. ಆಗ ಆ ಊರಿನವರು ಮಾತ್ರ ಸಾಲಾಗಿ ನಿಲ್ಲುತ್ತಾರೆ, ಹೆಸರಿನ ಮುಂದೆ ಬಂದ ತಾರೀಖು, ಇರುವ ವಾರ್ಡು. ಇವತ್ತಿನವರನ್ನು ಬೇರೆ ಮಾಡಲು ಒಂದು ಗುಂಡಿ. "ಏನ್ ಇದು, ಪಡಸಾಲಿ ತುಂಬ ಜ್ವಾಳದ ಚೀಲ ಒಟ್ಟಿದಂಗ ಕಾಣ್ತೈತಿ" ಎಂದು ಡಾಕ್ಟರು ಮುಖ ಕಿವುಚಿದರು. "ಕಾಣ್ಲಿ ಬಿಡ್ರಿ ಸರ್" ಎಂದೆ. ಅಂದಿನಿಂದ ನಾನು ಹೆಂಗಸರಿಗೆ ಗಂಡನ ಹೆಸರು ಕೇಳುವುದನ್ನು ಬಿಟ್ಟೆ. ಊರು ಕೇಳಿ, ಹೆಸರುಗಳನ್ನು ನಾನೇ ಓದುತ್ತಾ ಹೋಗುತ್ತಿದ್ದೆ. ಅವರದು ಬಂದಾಗ ಹೂಂ ಎನ್ನುತ್ತಿದ್ದರು, ಕೆಲವರು ಬರೀ ನಗುತ್ತಿದ್ದರು.

ಹುಸೇನಪ್ಪ ಎರಡು ವಾರದ ಮೇಲೆ ಕೋಲು ಊರಿಕೊಂಡು ಮನೆಗೆ ಹೊರಟರು. ಎತ್ತರದ ಆಳು, ಮಾತು ಕಡಿಮೆ. ನನ್ನ ಕೌಂಟರಿನ ಮುಂದೆ ನಿಂತು, ಹೆಂಡತಿ ಅತ್ತ ತಿರುಗಿದ್ದನ್ನು ನೋಡಿಕೊಂಡು, ದನಿ ಇಳಿಸಿ ಕೇಳಿದರು. "ಯವ್ವಾ, ಆವತ್ತ ಈಕಿ ಏನ್ ಅಂದ್ಳು? ಎಲ್ಲಾರೂ ಒಡಪ ಒಡಪ ಅಂತಾರ, ನನಗೊಬ್ಬವಗ ಯಾರೂ ಹೇಳವಲ್ರು."

ನೀಲವ್ವನ ಕಿವಿ ಚುರುಕು. "ಹೇಳಬ್ಯಾಡ ತಂಗಿ! ಮ್ಯಾಲ ಹತ್ತಿ ಕುಂಡ್ರತಾರ ಅವರು" ಎಂದಳು. ಆದರೆ ನಗುತ್ತಿದ್ದಳು. ಹುಸೇನಪ್ಪ ಮದುವೆಯ ಗಂಡಿನಂತೆ ತಲೆ ಬಗ್ಗಿಸಿದರು. ನಾನು ಹೇಳಲಿಲ್ಲ. ಅವರಿಗೇ ಹೇಳದ ಸಾಲನ್ನು ಇಲ್ಲಿ ಬರೆಯುವುದು ನ್ಯಾಯವಲ್ಲ.

ಈಗ ನನಗೆ ಐವತ್ತು ಹತ್ತಿರ ಬಂದಿದೆ. ಕಾಲ ಬದಲಾಗಿದೆ, ನಾನಂತೂ ಮದುವೆಯಾದ ದಿನದಿಂದ ಗಂಡನನ್ನು ಹೆಸರು ಹಿಡಿದೇ ಕೂಗುತ್ತೇನೆ. ಅತ್ತೆ ಕಣ್ಣು ಬಿಟ್ಟು ನೋಡಿದ್ದೂ ಆಯಿತು, ರೂಢಿಯಾದದ್ದೂ ಆಯಿತು. ಹೋದ ವರ್ಷ ಅವರಿಗೆ ಎದೆನೋವು ಬಂದು ಹುಬ್ಬಳ್ಳಿಗೆ ಒಯ್ದೆವು. (ಈಗ ಆರಾಮ ಇದ್ದಾರೆ.) ಆಂಬುಲೆನ್ಸಿನವರು ಅವರ ವಿವರ ಬರೆಸಿ, ಸ್ಟ್ರೆಚರಿನಲ್ಲಿ ಒಳಗೆ ನೂಕಿಕೊಂಡು ಹೋದರು, ಬಾಗಿಲು ಮುಚ್ಚಿತು. ಕೌಂಟರಿನಲ್ಲಿ ಒಬ್ಬ ಹುಡುಗಿ ಪರದೆ ನೋಡುತ್ತಲೇ ಕೇಳಿದಳು. "ಪೇಶಂಟ್ ಹೆಸರ ಹೇಳ್ರಿ ಆಂಟಿ."

ಬಾಯಿ ತೆರೆದೆ. ದಿನಕ್ಕೆ ನೂರು ಸಲ ಕೂಗುವ ಹೆಸರು, ನಾಲಿಗೆಯ ಮೇಲೆ ಬರಲೇ ಇಲ್ಲ. ಹಿಂದೆ ನಿಂತವರು ಅವಸರ ಮಾಡುತ್ತಿದ್ದರು. ಹುಡುಗಿ ತಲೆ ಎತ್ತಿ, "ಆಂಟಿ, ಹೆಸರು?" ಎಂದು ಮತ್ತೆ ಕೇಳಿದಳು.

"ಬೆಟಗೇರಿಯಿಂದ ಈಗಷ್ಟ ಬಂದಾರ" ಎಂದೆ. "ನೀನ ಓದವಾ. ನಾ ಹೂಂ ಅಂತೀನಿ."